ಎರಡು ಬಲಗೈಗಳು

ಹಲ್ಲುಜ್ಜುತ್ತಿರುವಾಗ ಅದು ಮತ್ತೆ ಬಂತು. ಈ ಸಲ ಎಡಗಾಲಿನ ಮೀನಖಂಡದಲ್ಲಿ. ಒಳಗಿನಿಂದ ಯಾರೋ ಬೆರಳಲ್ಲಿ ತಟ್ಟಿ, ಮನೆಯಲ್ಲಿದ್ದೀರಾ ಎಂದು ಕೇಳಿದ ಹಾಗೆ ಪಟಪಟನೆ ಅದುರಿತು. ಬಾಯಿ ತುಂಬ ನೊರೆ ಇಟ್ಟುಕೊಂಡೇ ಅವಳು ಬಗ್ಗಿ, ನೈಟಿಯ ಅಂಚು ಮೇಲೆತ್ತಿ ನೋಡಿದಳು. ಏನೂ ಇಲ್ಲ. ನೋಡಿದ ತಕ್ಷಣ ನಿಂತುಹೋಗುವುದು ಅದರ ಚಾಳಿ. ನಿನ್ನೆ ಬಲಗಣ್ಣಿನ ರೆಪ್ಪೆ, ಮೊನ್ನೆ ತೋಳು, ಎಲ್ಲಕ್ಕೂ ಮೊದಲು, ತಿಂಗಳುಗಳ ಹಿಂದೆ, ಬಲಗೈಯ ಹೆಬ್ಬೆರಳಿಗೂ ತೋರುಬೆರಳಿಗೂ ನಡುವಿನ ಉಬ್ಬು. ಆ ಉಬ್ಬು ಅದುರಿದ ದಿನದಿಂದ ಅವಳು ಸರಿಯಾಗಿ ಉಸಿರಾಡಿಲ್ಲ. ಆ ಕಾಯಿಲೆ ಅಲ್ಲಿಂದಲೇ ಶುರುವಾಗುತ್ತದೆ ಎಂದು ಫೋನಿನಲ್ಲಿ ಓದಿದ್ದಳು. ನರಗಳು ಒಂದೊಂದಾಗಿ ಸಾಯುತ್ತವೆ, ಸಾಯುವ ಮೊದಲು ಸ್ನಾಯು ಹೀಗೆ ಅದುರುತ್ತದೆ, ಆಮೇಲೆ ಕರಗುತ್ತದೆ, ಕೈ ಹೋಗುತ್ತದೆ, ಕಾಲು ಹೋಗುತ್ತದೆ, ನಾಲಿಗೆ ಹೋಗುತ್ತದೆ, ಬುದ್ಧಿ ಮಾತ್ರ ಕೊನೆಯವರೆಗೂ ನೆಟ್ಟಗಿದ್ದು ಎಲ್ಲವನ್ನೂ ನೋಡುತ್ತಿರುತ್ತದೆ. ಅದರ ಹೆಸರನ್ನು ಅವಳು ಮನಸ್ಸಿನಲ್ಲೂ ಹೇಳಿಕೊಳ್ಳುತ್ತಿರಲಿಲ್ಲ. ಆ ಕಾಯಿಲೆ, ಅಷ್ಟೆ.

ನೊರೆ ಉಗಿದು, ಕೊಳಾಯಿ ನಿಲ್ಲಿಸಿ, ದಿನದ ಪರೀಕ್ಷೆ ಶುರು ಮಾಡಿದಳು. ತುದಿಗಾಲಿನ ಮೇಲೆ ನಿಲ್ಲುವುದು, ಹಿಮ್ಮಡಿಯ ಮೇಲೆ ನಿಲ್ಲುವುದು, ಟವೆಲಿನ ತುದಿಯನ್ನು ಎರಡು ಬೆರಳ ನಡುವೆ ಹಿಡಿದು ಇನ್ನೊಂದು ಕೈಯಿಂದ ಎಳೆಯುವುದು, ಕನ್ನಡಿಯ ಮುಂದೆ ನಾಲಿಗೆ ಚಾಚಿ ಅದು ಮಿಸುಕುತ್ತದೆಯೇ ಎಂದು ಕಾಯುವುದು. ನಾಲಿಗೆ ಚಾಚಿಕೊಂಡು ನಿಂತ ನಲವತ್ತು ದಾಟಿದ ಹೆಂಗಸಿನ ಮುಖ ಎಷ್ಟು ಪೆದ್ದುಪೆದ್ದಾಗಿ ಕಾಣುತ್ತದೆ ಎಂದು ಅವಳಿಗೆ ಗೊತ್ತಿತ್ತು. ಎಲ್ಲ ಪರೀಕ್ಷೆಯಲ್ಲೂ ಪಾಸು. ಆದರೆ ಪರೀಕ್ಷೆ ಮಾಡಿ ಮಾಡಿಯೇ ಕೈ ನೋಯುತ್ತಿತ್ತು, ನೋಯುವ ಕೈಯನ್ನು ನೋಡಿ ಇದು ಬಲ ಕುಂದಿದ ಲಕ್ಷಣವೇನೋ ಎಂದು ಇನ್ನೊಮ್ಮೆ ಪರೀಕ್ಷೆ ಮಾಡುತ್ತಿದ್ದಳು. ಸಾಕು. ಇವತ್ತು ಏನಾದರೂ ಆಗಲಿ, ಆಸ್ಪತ್ರೆಯವರು ಬೈಯಲಿ, ನಗಲಿ, ಸೂಜಿ ಚುಚ್ಚಿ ನೋಡುವ ಆ ಪರೀಕ್ಷೆ ಮಾಡಿಸಿಕೊಂಡೇ ಮನೆಗೆ ಬರುವುದು. ಇದೆ ಅಂದರೆ ಇದೆ, ಇಲ್ಲ ಅಂದರೆ ಇಲ್ಲ. ಇದ್ದೂ ಇಲ್ಲದ ಈ ಬದುಕು ಮಾತ್ರ ಬೇಡ.

ಗಂಡ ಬೆಳಗಿನ ಪಾಳಿಗೆ ಹೋಗಿಯಾಗಿತ್ತು. ಅವನಿಗೆ ಒಂದು ಸಲ ಹೇಳಿದ್ದಳು. ‘ನನಗೂ ಅದುರುತ್ತಪ್ಪ, ಎಲ್ರಿಗೂ ಅದುರುತ್ತೆ’ ಎಂದು ಮಗ್ಗುಲಾಗಿ ಗೊರಕೆ ಹೊಡೆದಿದ್ದ. ಒಳ್ಳೆಯವನೇ, ಆದರೆ ಅವನ ಒಳ್ಳೆಯತನಕ್ಕೆ ನಿದ್ದೆ ಬಹಳ ಬೇಗ ಬರುತ್ತದೆ. ಬೀದಿ ಕೊನೆಯ ಡಾಕ್ಟರಿಗೆ ಹೇಳಿದರೆ ಆತ ಕಾಲನ್ನು ನೋಡಲೇ ಇಲ್ಲ. ಅವಳ ಮುಖ ನೋಡಿ, ದನಿ ತಗ್ಗಿಸಿ, ‘ಮನೇಲಿ ಎಲ್ಲ ಸರಿಯಾಗಿದೆ ತಾನೆ? ಯಜಮಾನ್ರು ಚೆನ್ನಾಗಿ ನೋಡ್ಕೊತಾರಾ?’ ಎಂದು ಕೇಳಿದ್ದ. ಕಾಲು ತೋರಿಸಲು ಹೋದವಳಿಗೆ ಸಂಸಾರ ತೋರಿಸು ಎನ್ನುವ ಹಾಗಿತ್ತು ಅದು. ಹೊರಗೆ ಕೂತವರಿಗೆಲ್ಲ ಕೇಳಿಸಿತೇನೋ ಎಂದು ಅವಳ ಕಿವಿ ಬಿಸಿಯಾಗಿ, ‘ಚೆನ್ನಾಗೇ ನೋಡ್ಕೊತಾರೆ’ ಎಂದು ಬೇಕಾದ್ದಕ್ಕಿಂತ ಗಟ್ಟಿಯಾಗಿ ಹೇಳಿದ್ದಳು. ಆತ ನಿದ್ದೆ ಮಾತ್ರೆ ಬರೆದುಕೊಟ್ಟ. ಅವಳು ಮಾತ್ರೆ ನುಂಗಲಿಲ್ಲ. ನಿದ್ದೆಯಲ್ಲಿದ್ದಾಗ ಅದುರಿದರೆ ಯಾರು ನೋಡುವುದು?

ಸೀರೆ ಉಟ್ಟು, ಅಡುಗೆಮನೆಗೆ ಹೋಗಿ, ಹಿಟ್ಟಿನ ಡಬ್ಬಿಯ ಹಿಂದೆ ಕೈ ಹಾಕಿ ಹಳೆಯ ಟವೆಲಿನ ಗಂಟನ್ನು ಈಚೆಗೆ ತೆಗೆದಳು. ಒಳಗೆ ಎರಡು ಕೈಗಳು, ಮಣಿಕಟ್ಟಿನವರೆಗೆ, ಬಿಳಿ ಪ್ಲಾಸ್ಟರಿನವು. ಎರಡೂ ಬಲಗೈ, ಎರಡೂ ಅವಳವೇ. ಒಂದು ಚಳಿ ಶುರುವಾಗುವ ಮೊದಲು ತೆಗೆದದ್ದು, ಇನ್ನೊಂದು ಈಚಿನದು. ದಂತವೈದ್ಯರಿಗೆ ಹಲ್ಲಿನ ಸೆಟ್ಟು ಮಾಡಿಕೊಡುವ ಲ್ಯಾಬಿನಲ್ಲಿ ಅರ್ಧ ಆಯುಷ್ಯ ಕಳೆದವಳು ಅವಳು. ಬೇರೆಯವರು ಹೆದರಿದರೆ ದೇವರಿಗೆ ಕೈ ಮುಗಿಯುತ್ತಾರೆ, ಇವಳು ಹೆದರಿ ಕೈಯ ಅಚ್ಚು ತೆಗೆದಳು. ಲ್ಯಾಬಿನಿಂದ ತಂದ ಗುಲಾಬಿ ಬಣ್ಣದ ಅಚ್ಚಿನ ಪುಡಿಯನ್ನು ನೀರಿನಲ್ಲಿ ಕಲಸಿ, ಹಳೆಯ ಸ್ಟೀಲ್ ಡಬ್ಬಿಗೆ ಸುರಿದು, ಅದರಲ್ಲಿ ಕೈ ಇಳಿಸಿ ಮಿಸುಕದೆ ನಿಂತರೆ ನೋಡನೋಡುತ್ತಲೇ ಅದು ರಬ್ಬರಿನಂತೆ ಗಟ್ಟಿಯಾಗುತ್ತದೆ. ಕೈ ಮೆಲ್ಲಗೆ ಎಳೆದುಕೊಂಡರೆ ಒಳಗೆ ಕೈಯ ಆಕಾರದ ಖಾಲಿ ಜಾಗ. ಅದಕ್ಕೆ ಪ್ಲಾಸ್ಟರ್ ಸುರಿದರೆ ಚರ್ಮದ ಗೆರೆಯೂ ತಪ್ಪದೆ ಕೈ ಬರುತ್ತದೆ. ನಿನ್ನೆ ಸಂಜೆ, ದಪ್ಪ ಅಳೆಯುವ ಇಕ್ಕಳದಂಥ ಕ್ಯಾಲಿಪರ್ ಹಿಡಿದು ಎರಡನ್ನೂ ಅಳೆದಿದ್ದಳು. ಎರಡನೆಯ ಕೈಯಲ್ಲಿ ಆ ಉಬ್ಬು ಕೂದಲೆಳೆಗಿಂತ ಸ್ವಲ್ಪ ಹೆಚ್ಚೇ ಕಡಿಮೆ ಇತ್ತು. ಮತ್ತೆ ಅಳೆದಳು, ಮತ್ತೆ ಅಷ್ಟೇ. ಅಡುಗೆಮನೆಯ ನೆಲದ ಮೇಲೆ ಕೂತು, ಹಾಗಾದರೆ ಹೌದು, ಎಂದುಕೊಂಡಿದ್ದಳು. ವಿಚಿತ್ರವೆಂದರೆ ಆ ಕ್ಷಣ ಅವಳಿಗೆ ಭಯಕ್ಕಿಂತ ಹೆಚ್ಚಾಗಿ ಗೆದ್ದ ಹಾಗೆ ಅನ್ನಿಸಿತ್ತು. ಇನ್ನು ಯಾರೂ ಏನೂ ಇಲ್ಲ ಎನ್ನುವ ಹಾಗಿಲ್ಲ.

ಗಂಟನ್ನೂ ಕ್ಯಾಲಿಪರನ್ನೂ ಚೀಲಕ್ಕಿಟ್ಟು ಹೊರಬಾಗಿಲಿಗೆ ಬಂದರೆ ಅತ್ತೆ ಚಪ್ಪಲಿ ಮೆಟ್ಟಿ, ಇಸ್ತ್ರಿ ಸೀರೆ ಉಟ್ಟು, ಮೇಲಿನ ಕೆಳಗಿನ ಎರಡೂ ಸೆಟ್ಟು ಹಾಕಿಕೊಂಡು ಸಿದ್ಧರಾಗಿ ನಿಂತಿದ್ದರು. ಅತ್ತೆ ಹಲ್ಲು ಹಾಕಿಕೊಂಡರೆಂದರೆ ವಿಷಯ ಗಂಭೀರವೆಂದೇ ಅರ್ಥ.

‘ಎಲ್ಲಿಗೆ ಹೊರಟ್ರಿ ಅತ್ತೆ?’

‘ನೀನು ಎಲ್ಲಿಗೋ ಅಲ್ಲಿಗೆ.’

‘ನಾನು ಲ್ಯಾಬಿಗೆ.’

‘ಲ್ಯಾಬಿಗೆ ಹೋಗೋಳು ಹಿಟ್ಟಿನ ಡಬ್ಬಿ ಹಿಂದಿಂದ ಕೈ ತಗೊಂಡು ಹೋಗ್ತಾಳಾ? ಮೊನ್ನೆ ಸಕ್ಕರೆ ಹುಡುಕ್ತಾ ಗಂಟು ಬಿಚ್ಚಿ ನೋಡ್ದೆ ಕಣೇ. ಕತ್ತಲೆ ಮೂಲೇಲಿ ಬೆಳ್ಳಗೆ ಎರಡು ಕೈ! ಎದೆ ಒಡೆದು ಸತ್ತಿದ್ರೆ ಯಾರು ಹೊಣೆ?’

‘ಅದು... ಕೆಲಸದ್ದು.’

‘ಆ ಕಿರುಬೆರಳ ಹತ್ರ ಸುಟ್ಟ ಗಾಯದ ಗುರುತು ನನಗೆ ಗೊತ್ತಾಗಲ್ವಾ? ಕೈ ಯಾರದು ಅಂತ ಗೊತ್ತು. ಯಾಕೆ ಅಂತ ಗೊತ್ತಿಲ್ಲ. ನಡಿ, ದಾರೀಲಿ ಹೇಳು.’

ದಾರಿಯಲ್ಲಿ ಅವಳು ಹೇಳಿದಳು. ಬಸ್ಸಿನ ಸದ್ದಿನಲ್ಲಿ ಎಲ್ಲವನ್ನೂ ಎರಡೆರಡು ಸಲ, ಕಿವಿಯ ಹತ್ತಿರ ಬಾಯಿಟ್ಟು ಹೇಳಬೇಕಾಯಿತು. ಹೇಳುವಾಗ ದನಿ ಒಂದು ಸಲವೂ ನಡುಗಲಿಲ್ಲ, ಪಕ್ಕದ ಮನೆಯವಳ ವಿಷಯ ಹೇಳುತ್ತಿರುವ ಹಾಗಿತ್ತು. ಯಾರೋ ಎದ್ದು ಜಾಗ ಬಿಟ್ಟುಕೊಟ್ಟರೆ ಅತ್ತೆ, ‘ನನಗೆ ಬೇಡಪ್ಪ, ಇವಳು ಕೂತ್ಕೊಳ್ಳಿ’ ಎಂದು ಸೊಸೆಯನ್ನು ಕೂರಿಸಿ, ತಾವು ಕಂಬಿ ಹಿಡಿದು ನಿಂತರು. ಎಂಬತ್ತರ ಹತ್ತಿರದ ಆ ಕೈಗಳು ಕಂಬಿಯನ್ನು ಹಿಡಿದ ಬಿಗಿಯನ್ನು ಅವಳು ಕೂತಲ್ಲಿಂದ ನೋಡಿದಳು. ನರ ಎದ್ದ, ಚರ್ಮ ಸುಕ್ಕುಗಟ್ಟಿದ ಕೈ. ಹೆಬ್ಬೆರಳ ಪಕ್ಕದ ಉಬ್ಬು ಮಾತ್ರ ಕಲ್ಲಿನ ಹಾಗೆ ಗಟ್ಟಿ. ಈ ಮುದುಕಿ ನಾನು ಹೋದ ಮೇಲೂ ಇರುತ್ತಾಳೆ. ಈ ಮಾತು ಮನಸ್ಸಿಗೆ ಬಂದದ್ದು ಇದೇ ಮೊದಲಲ್ಲ. ಅತ್ತೆಗೆ ಹೊಸ ಸೆಟ್ಟು ಮಾಡುವಾಗ, ದೀಪದ ಉರಿಗೆ ಚಾಕು ಹಿಡಿದು ಮೇಣದಲ್ಲಿ ಒಸಡು ಕೆತ್ತುವಾಗ, ಇದು ನನ್ನ ಕೈಯ ಕೊನೆಯ ಸೆಟ್ಟೇನೋ, ನಾನು ಹಾಸಿಗೆ ಹಿಡಿದು ಮಲಗಿದಾಗ ಇವರು ಇದೇ ಹಲ್ಲಿನಲ್ಲಿ ನನ್ನ ಎದುರು ಕೂತು ಅಗಿಯುತ್ತಾರೆ ಎಂದು ಯೋಚಿಸಿ, ಯೋಚಿಸಿದ್ದಕ್ಕೆ ನಾಚಿ, ನಾಚಿಕೆಯ ಪ್ರಾಯಶ್ಚಿತ್ತಕ್ಕೆಂದು ಮುಂದಿನ ಹಲ್ಲುಗಳನ್ನು ಬೇಕಾದ್ದಕ್ಕಿಂತ ಚೆಂದವಾಗಿ ಜೋಡಿಸಿದ್ದಳು. ಹೊಟ್ಟೆಕಿಚ್ಚಿಗೂ ಒಂದು ಮಿತಿ ಬೇಡವೇ, ಹಲ್ಲಿಲ್ಲದ ಮುದುಕಿಯ ಮೇಲೆ! ಲ್ಯಾಬಿನಲ್ಲಿ ಸೆಟ್ಟಿಗೆ ಹೊಳಪು ಕೊಡುವವನನ್ನು ಎಲ್ಲರೂ ಪಾಲಿಶ್ ಎಂದೇ ಕರೆಯುತ್ತಿದ್ದರು. ಅವನು ಅತ್ತೆಯ ಸೆಟ್ಟನ್ನು ಬೆಳಕಿಗೆ ಹಿಡಿದು, ‘ಅಕ್ಕ, ಇದನ್ನ ಹಾಕ್ಕೊಂಡ್ರೆ ಅಜ್ಜಿಗೆ ಮದುವೆ ಗಂಡು ಬರ್ತಾನೆ’ ಎಂದಿದ್ದ. ಅವಳು ನಕ್ಕಿದ್ದಳು. ನಗುವಾಗಲೂ ಮೇಜಿನ ಕೆಳಗೆ ಬೆರಳುಗಳು ಒಂದನ್ನೊಂದು ಒತ್ತಿ ಬಲ ನೋಡುತ್ತಿದ್ದವು.

ಆಸ್ಪತ್ರೆಯ ನರದ ವಿಭಾಗದ ಕಾಯುವ ಕೋಣೆಯಲ್ಲಿ ಕುರ್ಚಿಗಳನ್ನು ಒಂದಕ್ಕೊಂದು ಕಂಬಿಯಿಂದ ಬಿಗಿದಿದ್ದರು, ಒಬ್ಬರು ಎದ್ದರೆ ಸಾಲೆಲ್ಲ ಕುಲುಕುತ್ತಿತ್ತು. ಅತ್ತೆ ಕೂತವರೇ ಕೆಳಗಿನ ಸೆಟ್ಟನ್ನು ನಾಲಿಗೆಯಿಂದ ಎತ್ತಿ ಎತ್ತಿ ಸರಿಮಾಡಿಕೊಳ್ಳತೊಡಗಿದರು.

‘ಇನ್ನೂ ಒತ್ತುತ್ತಾ ಅತ್ತೆ?’

‘ಒತ್ತಲ್ಲ ಬಿಡು. ಒತ್ತುತ್ತೆ ಅಂದಾಗೆಲ್ಲ ನೀನು ಬೆಳಕು ಹಾಕಿ ನೋಡಿ, ಏನೂ ಇಲ್ವಲ್ಲ ಅತ್ತೆ, ಅಭ್ಯಾಸ ಆಗ್ಬೇಕು ಅಷ್ಟೇ ಅಂತೀಯ. ಈಗ ನಿನಗೂ ಹಂಗೇ ಅಂತಿದಾರಂತಲ್ಲ.’

ಅವಳಿಗೆ ಮುಖಕ್ಕೆ ಹೊಡೆದ ಹಾಗಾಯಿತು. ಅತ್ತೆಯ ಮುಖದಲ್ಲಿ ಚುಚ್ಚಿದ ಖುಷಿಯೇನೂ ಇರಲಿಲ್ಲ. ತರಕಾರಿ ತೂಕ ಹೇಳುವಷ್ಟು ಸಹಜವಾಗಿ ಹೇಳಿ, ಸೆರಗಿನಿಂದ ಬಾಯಿ ಒರೆಸಿಕೊಂಡರು. ‘ಮನೆಗೆ ಹೋದ ಮೇಲೆ ಒತ್ತೋ ಜಾಗ ಉಜ್ಜಿ ಕೊಡ್ತೀನಿ’ ಎಂದು ಅವಳು ತಲೆ ತಗ್ಗಿಸಿದಳು.

ಎದುರು ಸಾಲಿನ ಕೊನೆಯಲ್ಲಿ ಗಾಲಿಕುರ್ಚಿಯೊಂದರಲ್ಲಿ ಒಬ್ಬ ಮನುಷ್ಯ ಕೂತಿದ್ದ. ಅವಳಿಗಿಂತ ಒಂದೆರಡು ವರ್ಷ ಚಿಕ್ಕವನಿರಬಹುದು. ಹೆಂಡತಿ ಅವನ ಕುತ್ತಿಗೆಗೆ ಕರವಸ್ತ್ರ ಸಿಕ್ಕಿಸಿ ಚಮಚದಲ್ಲಿ ನೀರು ಕುಡಿಸುತ್ತಿದ್ದಳು. ಇವಳ ಕಣ್ಣು ಅವನ ಮುಖಕ್ಕೆ ಹೋಗಲಿಲ್ಲ, ನೆಟ್ಟಗೆ ಕೈಗೆ ಹೋಯಿತು. ತೊಡೆಯ ಮೇಲೆ ಅಂಗಾತ ಬಿದ್ದಿದ್ದ ಆ ಕೈಯಲ್ಲಿ ಹೆಬ್ಬೆರಳಿಗೂ ತೋರುಬೆರಳಿಗೂ ನಡುವೆ ಉಬ್ಬಿರಬೇಕಾದಲ್ಲಿ ಒಂದು ಗುಳಿ ಇತ್ತು. ಓದಿದ್ದು ಬೇರೆ, ನೋಡುವುದು ಬೇರೆ. ಆದರೂ ಕಣ್ಣು ತೆಗೆಯಲಾಗದೆ, ಆ ಗುಳಿಯ ಆಳವೆಷ್ಟು, ಅಂಚು ಹೇಗಿದೆ, ಅಚ್ಚು ತೆಗೆದರೆ ಹೇಗೆ ಬರುತ್ತದೆ ಎಂದು ಲೆಕ್ಕ ಹಾಕುತ್ತಿದ್ದಳು. ತಲೆಯೆತ್ತಿದಾಗ ಅವನು ಅವಳನ್ನೇ ನೋಡುತ್ತಿದ್ದ. ಮಾತು ಹೋಗಿದ್ದರೂ ಆ ಕಣ್ಣುಗಳಿಗೆ ಏನೂ ಆಗಿರಲಿಲ್ಲ. ನೋಡಿದೆಯಾ, ಆಯಿತಾ, ಎಂದು ಕೇಳಿದ ಹಾಗಿತ್ತು ಆ ನೋಟ. ಅವಳು ಕಳ್ಳಿಯ ಹಾಗೆ ಚೀಲದ ಜಿಪ್ಪು ಎಳೆಯುತ್ತ ಕೂತಳು. ಬದುಕಿರುವ ಮನುಷ್ಯನನ್ನು ಮಾದರಿಯ ಹಾಗೆ ನೋಡಿದೆನಲ್ಲ, ಛೀ. ಅವಳ ಸರದಿ ಬಂದು ಹೆಸರು ಕೂಗಿದಾಗ ಅವನ ಕುರ್ಚಿಯ ಮುಂದೆಯೇ ಹಾದುಹೋಗಬೇಕಿತ್ತು. ಕಾಲು ಎಳೆಯದೆ, ಗಟ್ಟಿಯಾಗಿ ನಡೆಯುವುದೇ ಅಲ್ಲಿ ಒಂದು ಅಪರಾಧವೆನಿಸಿತು.

ಮೊದಲು ಒಬ್ಬ ಕಿರಿಯ ಡಾಕ್ಟರ್ ಸುತ್ತಿಗೆಯಲ್ಲಿ ಮಂಡಿ, ಮೊಣಕೈ, ಹಿಮ್ಮಡಿ ಎಲ್ಲ ಕುಟ್ಟಿದ. ಕೈ ಒತ್ತಿ ಅಂದ, ಕಾಲು ನೂಕಿ ಅಂದ, ಕಣ್ಣು ಮುಚ್ಚಿ ಅಂದ. ಆಮೇಲೆ ಅವಳ ಸೀರೆಯ ಅಂಚನ್ನು ಮಂಡಿಯವರೆಗೆ ಸರಿಸಿ, ಕುರ್ಚಿ ಎಳೆದುಕೊಂಡು ಮೀನಖಂಡವನ್ನೇ ನೋಡುತ್ತ ಕೂತ. ಅವಳೂ ನೋಡಿದಳು. ಅತ್ತೆಯೂ ಕನ್ನಡಕ ಏರಿಸಿ ನೋಡಿದರು. ಮೂರು ಜನ ಒಂದು ಕಾಲನ್ನು ನೋಡುತ್ತ ಕೂತರೂ ಕಾಲು ಮಾತ್ರ ಕಲ್ಲಿನ ಹಾಗೆ ಬಿದ್ದಿತ್ತು. ಅದುರೇ, ದರಿದ್ರದ್ದೇ, ಅದುರು, ಎಂದು ಅವಳು ಒಳಗೊಳಗೇ ಬೇಡಿಕೊಂಡಳು. ಇಷ್ಟು ದಿನ ಯಾವುದು ನಿಲ್ಲಲಿ ಎಂದು ಹರಕೆ ಹೊರುತ್ತಿದ್ದಳೋ ಅದನ್ನೇ ಈಗ ಬಾ ಬಾ ಎಂದು ಕರೆಯಬೇಕಾಗಿ ಬಂದದ್ದಕ್ಕೆ ಅಳುವೂ ನಗುವೂ ಒಟ್ಟಿಗೆ ಬಂದಂತಾಯಿತು. ಆತ ಎದ್ದು, ‘ಈಗ ಇಲ್ಲ’ ಎಂದು ಬರೆದುಕೊಂಡು ಒಳಗಿನ ಕೋಣೆಗೆ ಕಳಿಸಿದ.

ಒಳಗೆ ಹಿರಿಯ ಡಾಕ್ಟರಮ್ಮ. ಕತ್ತರಿಸಿದ ನರೆಗೂದಲು, ಮೇಜಿನ ಮೇಲೆ ಅರ್ಧ ಕುಡಿದ ಕಾಫಿ. ತಾವೇ ಇನ್ನೊಮ್ಮೆ ಎಲ್ಲ ನೋಡಿದರು, ನಾಲಿಗೆಯನ್ನೂ ನೋಡಿದರು.

‘ಬಲ ಚೆನ್ನಾಗಿದೆ. ನೀವು ಹೆದರಿರೋ ಕಾಯಿಲೆಯಲ್ಲಿ ಮೊದಲು ಹೋಗೋದು ಬಲ. ಬರೀ ಅದುರೋದು ಬಹಳ ಜನರಿಗೆ ಇರುತ್ತೆ. ಇದಕ್ಕೆ ಪರೀಕ್ಷೆ ಏನೂ ಬೇಡ.’

‘ಸೂಜಿ ಪರೀಕ್ಷೆ ಮಾಡಿ ಮೇಡಂ.’

‘ಬೇಡಮ್ಮ. ಸುಮ್ನೆ ನೋವು. ಹೊರಗೆ ನೋಡಿದ್ರಲ್ಲ, ನಿಜವಾಗಿ ಬೇಕಾದವರೇ ಎಷ್ಟು ಜನ ಕಾಯ್ತಿದಾರೆ.’

ಆ ಮಾತು ತಾಗಬೇಕಾದ ಕಡೆಯೇ ತಾಗಿತು. ಒಂದು ಕ್ಷಣ ಎದ್ದುಬಿಡೋಣ ಅನ್ನಿಸಿತು. ಆದರೆ ಎದ್ದರೆ ಮತ್ತೆ ಆ ಬಚ್ಚಲುಮನೆ, ಆ ಕನ್ನಡಿ, ಆ ಟವೆಲಿನ ತುದಿ. ಅವಳು ಏಳಲಿಲ್ಲ. ಚೀಲ ತೆಗೆದು, ಗಂಟು ಬಿಚ್ಚಿ, ಎರಡು ಬಿಳಿ ಕೈಗಳನ್ನು ಕಾಫಿ ಲೋಟದ ಪಕ್ಕ ಅಕ್ಕಪಕ್ಕ ಇಟ್ಟಳು. ಡಾಕ್ಟರಮ್ಮ ಕನ್ನಡಕ ತೆಗೆದು, ಮತ್ತೆ ಹಾಕಿಕೊಂಡರು.

‘ಇದೇನಿದು!’

‘ನನ್ನ ಕೈ. ಇದು ಚಳಿಗಾಲಕ್ಕೆ ಮೊದಲಿಂದು, ಇದು ಈಗಿಂದು. ನಾನು ಹಲ್ಲಿನ ಸೆಟ್ ಮಾಡೋಳು. ಅಚ್ಚು ತೆಗೆಯೋದೇ ನನ್ನ ಕೆಲಸ. ಈ ಉಬ್ಬು ನೋಡಿ ಮೇಡಂ. ಕರಗಿದೆ.’

ಡಾಕ್ಟರಮ್ಮ ಒಂದು ಕೈಯನ್ನು ಎತ್ತಿ ಕಿಟಕಿಯ ಬೆಳಕಿಗೆ ಹಿಡಿದು ತಿರುಗಿಸಿದರು, ಇನ್ನೊಂದನ್ನೂ ಹಿಡಿದರು. ಬಂದಾಗಿನಿಂದ ಅವರ ಮುಖದಲ್ಲಿದ್ದ ಅವಸರ ಹೋಗಿತ್ತು. ‘ಎಷ್ಟು ಸೊಗಸಾಗಿದೆ. ಗೆರೆಗೆರೆಯೂ ಬಂದಿದೆಯಲ್ಲ... ಹೂಂ. ಇದು ಸ್ವಲ್ಪ ತೆಳುವಾಗಿ ಕಾಣುತ್ತೆ, ನಿಜ. ನಿಮ್ಮ ಕೈ ಕೊಡಿ.’ ಕೈ ಹಿಡಿದು ಆ ಜಾಗವನ್ನು ಒತ್ತಿ ನೋಡಿದರು. ‘ಕೈಯಲ್ಲಿ ನನಗೆ ಗೊತ್ತಾಗ್ತಿಲ್ಲ. ಆದ್ರೆ ಹಿಂದೆ ಹೇಗಿತ್ತು ಅಂತ ನಾನು ನೋಡಿಲ್ಲವಲ್ಲ. ಎಷ್ಟು ವ್ಯತ್ಯಾಸ ಇದೆ?’

‘ತೋರಿಸ್ತೀನಿ’ ಎಂದು ಅವಳು ಕ್ಯಾಲಿಪರ್ ತೆಗೆದಳು. ದನಿಯಲ್ಲಿ ಗೆಲುವಿತ್ತು. ಮೊದಲ ಕೈಯ ಉಬ್ಬಿಗೆ ಅದರ ಎರಡು ಮೊನೆ ತಾಗಿಸಿ ತೋರಿಸಿದಳು, ಎರಡನೆಯದಕ್ಕೆ ತಾಗಿಸಿದಳು. ಡಾಕ್ಟರಮ್ಮ ತಲೆಯಾಡಿಸಿ ಪೆನ್ನು ಕೈಗೆತ್ತಿಕೊಂಡರು. ‘ಸರಿ ಹಾಗಾದ್ರೆ. ಮಾಡಿಯೇ ಬಿಡೋಣ.’ ಬರೆಯಲು ತಲೆ ತಗ್ಗಿಸಿದರು. ಅವಳು ಕ್ಯಾಲಿಪರನ್ನು ಹಿಂದಕ್ಕೆ ತೆಗೆಯುವಾಗ, ಸುಮ್ಮನೆ, ಬೆರಳಿನ ಅಭ್ಯಾಸಕ್ಕೆ, ಅದರ ಮೊನೆ ಎರಡನೆಯ ಕೈಯ ಹೆಬ್ಬೆರಳಿನ ಉಗುರಿನ ಮೇಲೆ ನಿಂತಿತು. ಉಗುರಿನ ಅಗಲ. ಅದೇ ಅಳತೆಯನ್ನು ಮೊದಲ ಕೈಯ ಉಗುರಿಗೆ ಹಿಡಿದಳು. ಕ್ಯಾಲಿಪರಿನ ಬಾಯಿ ಸಾಲಲಿಲ್ಲ. ಎರಡನೆಯ ಉಗುರು ಚಿಕ್ಕದಾಗಿತ್ತು. ಕಿರುಬೆರಳ ಗೆಣ್ಣಿಗೆ ಹಿಡಿದಳು, ಅದೂ ಚಿಕ್ಕದು. ಮಣಿಕಟ್ಟಿನ ಮೂಳೆ, ಅದೂ. ಯಾವ ಕಾಯಿಲೆಯಲ್ಲಿಯೂ ಉಗುರು ಕರಗುವುದಿಲ್ಲ, ಮೂಳೆ ಮುದುಡುವುದಿಲ್ಲ.

ಆ ದಿನ ಕಣ್ಣ ಮುಂದೆ ಬಂತು. ಗುಲಾಬಿ ಅಚ್ಚಿನಿಂದ ಕೈ ಎಳೆದುಕೊಂಡು ಪ್ಲಾಸ್ಟರ್ ಕಲಸಬೇಕು ಅನ್ನುವಷ್ಟರಲ್ಲಿ ಒಳಗಿನಿಂದ ಅತ್ತೆ, ‘ಏ, ಈ ಕೆಳಗಿಂದು ಮತ್ತೆ ಒತ್ತುತ್ತಿದೆ ಬಾರೇ’ ಎಂದು ಕೂಗಿದ್ದರು. ಹೋಗಿ, ಬಾಯಿಗೆ ಬೆಳಕು ಹಾಕಿ, ಏನೂ ಇಲ್ಲ ಎಂದು ಹೇಳಿ, ಅವರ ಗೊಣಗಾಟ ಕೇಳಿ, ಹಾಲು ಉಕ್ಕಿದ್ದನ್ನು ಒರೆಸಿ ಬರುವಷ್ಟರಲ್ಲಿ ಅಚ್ಚು ಗಾಳಿಗೆ ಬಿದ್ದುಕೊಂಡೇ ಇತ್ತು. ಆ ಪುಡಿಯ ಅಚ್ಚು ನೀರು ಬಿಟ್ಟುಕೊಂಡು ಒಣಗುತ್ತದೆ, ಒಣಗಿದರೆ ಮುದುಡುತ್ತದೆ, ಮುದುಡಿದ ಅಚ್ಚಿಗೆ ಸುರಿದದ್ದೂ ಮುದುಡಿಯೇ ಬರುತ್ತದೆ. ಲ್ಯಾಬಿನಲ್ಲಿ ಇದು ಮೊದಲ ಪಾಠ. ಒಮ್ಮೆ ಪಾಲಿಶ್ ಹೀಗೆಯೇ ಅಚ್ಚನ್ನು ಬಿಟ್ಟು ಚಹಾ ಕುಡಿಯಲು ಹೋದಾಗ, ‘ಇದಕ್ಕೆ ಕಟ್ಟಿದ ಹಲ್ಲು ಯಾರ ಬಾಯಿಗೆ ಹಾಕ್ತೀಯೋ, ಬೆಕ್ಕಿನ ಬಾಯಿಗಾ?’ ಎಂದು ಎಲ್ಲರೆದುರು ರೇಗಿದ್ದಳು. ಅದೇ ತಪ್ಪು. ಕರಗಿದ್ದು ಕೈಯಲ್ಲ, ಅಚ್ಚು.

ಪೆನ್ನು ಓಡುತ್ತಿತ್ತು. ಡಾಕ್ಟರಮ್ಮ ಏನನ್ನೂ ನೋಡಿರಲಿಲ್ಲ. ಅವಳು ಸುಮ್ಮನಿದ್ದರೆ ಸಾಕಿತ್ತು. ಬಾಯಿ ಬಿಟ್ಟರೆ ಪೆನ್ನು ನಿಲ್ಲುತ್ತದೆ, ನೋಡಿದ್ರಾ ನಾನು ಹೇಳಲಿಲ್ಲವೇ ಎನ್ನುತ್ತಾರೆ, ಮನೇಲಿ ಎಲ್ಲ ಸರಿಯಾಗಿದೆ ತಾನೆ ಎಂದು ಕೇಳುತ್ತಾರೆ. ಸುಮ್ಮನಿರು, ಸುಮ್ಮನಿರು, ಎಂದುಕೊಂಡಳು. ಆದರೆ ತಪ್ಪು ಅಚ್ಚೊಂದು ತನ್ನ ಮೇಜಿನಿಂದ ಸರಿಯೆಂದು ಹೊರಗೆ ಹೋಗುವುದನ್ನು ಅವಳು ಇಷ್ಟು ವರ್ಷದಲ್ಲಿ ಒಮ್ಮೆಯೂ ಬಿಟ್ಟಿರಲಿಲ್ಲ. ಹಾಗೆ ಬಿಟ್ಟು ಪಡೆದ ಉತ್ತರವನ್ನು ತಾನು ನಂಬುವುದಾದರೂ ಹೇಗೆ?

‘ಮೇಡಂ, ಬರೀಬೇಡಿ. ಇದು ತಪ್ಪಾಗಿದೆ.’

‘ಏನು?’

‘ಈ ಎರಡನೇ ಕೈ. ಉಗುರೂ ಚಿಕ್ಕದಿದೆ. ಅಚ್ಚು ಒಣಗಿಹೋಗಿತ್ತು, ಲಕ್ಷ್ಯ ಕೊಡ್ಲಿಲ್ಲ. ಇದು ಕೆಲಸಕ್ಕೆ ಬರಲ್ಲ.’

ಹೇಳಿ ಮುಗಿಸುವಾಗ ಅವಳ ಮುಖ ಕಾದ ಹೆಂಚಾಗಿತ್ತು. ಹಿಂದೆ ಕೂತಿದ್ದ ಅತ್ತೆ ‘ಅಯ್ಯೋ ಮಂಕೇ’ ಎಂದದ್ದು ಕೇಳಿಸಿತು. ಡಾಕ್ಟರಮ್ಮ ಪೆನ್ನು ಕೆಳಗಿಟ್ಟು, ಎರಡು ಕೈಗಳನ್ನೂ ಅವಳನ್ನೂ ಒಂದು ಸುತ್ತು ನೋಡಿದರು.

‘ಹಾಗಾದ್ರೆ ಸರಿ ಹೋಯ್ತಲ್ಲ. ಮನೆಗೆ ಹೋಗಿ, ಆರಾಮಾಗಿ ನಿದ್ದೆ ಮಾಡಿ.’

‘ಇಲ್ಲ. ಆದ್ರೂ ಪರೀಕ್ಷೆ ಮಾಡಿ.’

‘ಈಗಷ್ಟೇ ನೀವೇ ಹೇಳಿದ್ರಿ...’

‘ಪ್ಲಾಸ್ಟರ್ ತಪ್ಪು ಅಂದೆ. ನನ್ನ ಕಾಲು ಅದುರೋದು ತಪ್ಪು ಅನ್ಲಿಲ್ಲ. ನನಗೆ ಗೊತ್ತಿರೋ ವಿದ್ಯೇಲಿ ಅಳೆದೆ, ತಪ್ಪಾಯ್ತು. ಇನ್ನು ನಿಮ್ಮ ವಿದ್ಯೇಲಿ ಅಳೀರಿ. ಬೇಡ ಅಂದ್ರೆ ಇಲ್ಲೇ ಕೂತಿರ್ತೀನಿ ಮೇಡಂ. ಸಂಜೆವರೆಗೂ ಕೂತಿರ್ತೀನಿ. ನಮ್ಮತ್ತೇನೂ ಕೂತಿರ್ತಾರೆ.’

‘ಕೂತಿರ್ತೀನಿ’ ಎಂದರು ಅತ್ತೆ. ‘ನನಗೇನು ಕೆಲಸ?’

ಡಾಕ್ಟರಮ್ಮ ನಕ್ಕುಬಿಟ್ಟರು. ಆ ನಗೆಯಲ್ಲಿ ಹೀಯಾಳಿಕೆ ಇದೆಯೇ ಎಂದು ಅವಳು ಹುಡುಕಿದಳು, ಸಿಗಲಿಲ್ಲ. ‘ಕೆಲಸಕ್ಕೆ ಬರಲ್ಲ ಅಂತ ಬಾಯಿ ಬಿಟ್ಟು ಹೇಳಿದ್ರಲ್ಲ, ಅದಕ್ಕೇ ಮಾಡ್ತೀನಿ’ ಎಂದು, ಅರ್ಧಕ್ಕೆ ನಿಂತಿದ್ದ ಚೀಟಿಯನ್ನು ಮುಂದುವರಿಸಿ ಬರೆದರು.

ಪಕ್ಕದ ಕೋಣೆಯಲ್ಲಿ ಕಿರಿದಾದ ಮಂಚ, ಒಂದು ಪರದೆ, ಗೊರಗುಟ್ಟುವ ಒಂದು ಪೆಟ್ಟಿಗೆ. ಸೂಜಿ ಮಾಂಸದೊಳಗೆ ಇಳಿದಾಗ ಪೆಟ್ಟಿಗೆ ಚರ್ರೆಂದು ಸದ್ದು ಮಾಡಿತು. ‘ಒತ್ತಿ’ ಅಂದರೆ ಒತ್ತಿದಳು, ಪೆಟ್ಟಿಗೆ ಗದ್ದಲ ಎಬ್ಬಿಸಿತು. ‘ಬಿಡಿ, ಪೂರ್ತಿ ಸಡಿಲ ಬಿಡಿ’ ಅಂದರೆ ಬಿಟ್ಟಳು. ತೀರ್ಮಾನವೆಲ್ಲ ನಿಂತಿದ್ದದ್ದು ಹಾಗೆ ಸಡಿಲ ಬಿಟ್ಟ ಗಳಿಗೆಯ ಮೇಲೆ. ಸತ್ತ ನರವಿದ್ದರೆ ಸಡಿಲ ಬಿಟ್ಟಾಗಲೂ ಸ್ನಾಯು ಸುಮ್ಮನಿರುವುದಿಲ್ಲ, ಒಳಗೊಳಗೇ ಗುಣುಗುತ್ತಿರುತ್ತದೆ, ಆ ಗುಣುಗು ಇಲ್ಲಿ ಕೇಳಿಸುತ್ತದೆ ಎಂದು ಡಾಕ್ಟರಮ್ಮ ಮೊದಲೇ ಹೇಳಿದ್ದರು. ಅವಳು ಕಣ್ಣು ಮುಚ್ಚಿ ಕಿವಿಗೊಟ್ಟಳು. ಕೈಯಲ್ಲಿ ಸದ್ದಿಲ್ಲ. ತೋಳಲ್ಲಿ ಸದ್ದಿಲ್ಲ. ತೊಡೆಯಲ್ಲಿ ನೋವಿಗೆ ತುಟಿ ಕಚ್ಚಿಕೊಂಡಳು, ಸದ್ದು ಮಾತ್ರ ಇಲ್ಲ. ಮೀನಖಂಡದಲ್ಲಿ ಸೂಜಿ ಬಹಳ ಹೊತ್ತು ಇತ್ತು. ಆಸ್ಪತ್ರೆಯ ಹೊರಗೆ ಯಾರೋ ಗಾಡಿ ಹಿಂದಕ್ಕೆ ತೆಗೆಯುವ ಸದ್ದು, ಮೇಲಿನ ಅಂತಸ್ತಿನಲ್ಲಿ ಮೇಜು ಎಳೆಯುವ ಸದ್ದು ಎಲ್ಲ ಕೇಳಿಸಿತು. ಅವಳ ಮೈಯಿಂದ ಏನೂ ಕೇಳಿಸಲಿಲ್ಲ. ತನ್ನ ಮೈ ಇಷ್ಟು ಸುಮ್ಮನಿರಬಲ್ಲದೆಂದು ಅವಳಿಗೆ ಗೊತ್ತೇ ಇರಲಿಲ್ಲ.

‘ಇಲ್ಲ’ ಎಂದರು ಡಾಕ್ಟರಮ್ಮ, ಹತ್ತಿಯಿಂದ ರಕ್ತ ಒತ್ತುತ್ತ. ‘ನಿಮಗೆ ಆ ಕಾಯಿಲೆ ಇಲ್ಲ. ಖಂಡಿತ ಇಲ್ಲ. ಅದುರೋದು ಹೋಗುತ್ತೆ ಅಂತ ನಾನು ಹೇಳಲ್ಲ. ಹೋಗಬಹುದು, ವರ್ಷಗಟ್ಟಲೆ ಇರಲೂಬಹುದು. ಅದರಿಂದ ಏನೂ ಆಗಲ್ಲ. ದಿನಾ ಕೈ ಹಿಂಡಿ ಹಿಂಡಿ ನೋಡೋದು ಮಾತ್ರ ನಿಲ್ಲಿಸಿ.’

‘ಇವತ್ತು ಅದು ಬರಲೇ ಇಲ್ಲ ಮೇಡಂ. ನೀವು ನೋಡಲೇ ಇಲ್ಲ.’

‘ನೋಡಲಿಲ್ಲ. ಪರವಾಗಿಲ್ಲ.’

ಪರವಾಗಿಲ್ಲ. ಹೊರಗೆ ಬಂದು ಕಾರಿಡಾರಿನ ಬೆಂಚಿನ ಮೇಲೆ ಕೂತ ಮೇಲೆ ಆ ಮಾತೇ ಕಿವಿಯಲ್ಲಿತ್ತು. ಕುಣಿಯಬೇಕಿತ್ತು, ಗಂಡನಿಗೆ ಫೋನು ಮಾಡಬೇಕಿತ್ತು. ಬದಲಿಗೆ ಕಾಲ ಕೆಳಗಿನಿಂದ ಹಲಗೆ ಎಳೆದ ಹಾಗಿತ್ತು. ಎಷ್ಟೋ ತಿಂಗಳಿಂದ ಸಾವನ್ನು ಎದುರಿಸಲು ಹಲ್ಲು ಕಚ್ಚಿ, ಸೊಂಟ ಕಟ್ಟಿ ನಿಂತಿದ್ದಳು. ಈಗ ಎದುರಿಗೆ ಯಾರೂ ಇಲ್ಲ. ಒಳಗೆ ಗಾಲಿಕುರ್ಚಿಯಲ್ಲಿ ಒಬ್ಬ ಕೂತಿದ್ದಾನೆ, ಅವನಿಗೆ ಇದೆ, ನನಗಿಲ್ಲ. ಇದರಲ್ಲಿ ಅವನ ತಪ್ಪೂ ಇಲ್ಲ, ನನ್ನ ಪುಣ್ಯವೂ ಇಲ್ಲ. ಮೈ ಎಲ್ಲೆಡೆ ಸೂಜಿಯ ಜಾಗ ಉರಿಯುತ್ತಿತ್ತು. ನನಗೇನೂ ಆಗಿರಲೇ ಇಲ್ಲ ಅಂದರೆ ಇಷ್ಟು ದಿನ ಒಬ್ಬಳೇ ಒದ್ದಾಡಿದ್ದು ಏನು? ಅದೂ ಇರಲಿಲ್ಲವೇ? ಅವಳಿಗೆ ಯಾರ ಮೇಲೆಂದು ಗೊತ್ತಿಲ್ಲದೆ ಕಡುಕೋಪ ಬಂತು.

ಆಗ ಅದುರಿತು. ಎಡ ಮೀನಖಂಡ, ಅದೇ ಜಾಗ, ಪಟಪಟಪಟ. ಅವಳು ಬಗ್ಗಲಿಲ್ಲ. ಬಗ್ಗಿ ನೋಡುವ ಆಸೆಯನ್ನು ಹಲ್ಲು ಕಚ್ಚಿ ತಡೆದು, ಎದುರಿನ ಗೋಡೆ ನೋಡುತ್ತ ಕೂತಳು. ಆದರೆ ಬಾಯಿ ತಡೆಯಲಿಲ್ಲ.

‘ಅತ್ತೆ. ಬಂತು.’

‘ಎಲ್ಲಿ?’

‘ಬೇಡ ಬಿಡಿ, ನೋಡಿದ್ರೆ ನಿಂತೋಗುತ್ತೆ.’

‘ನಾನು ನೋಡಲ್ಲ.’ ಅತ್ತೆ ಅವಳ ಕಾಲನ್ನು ಹಿಮ್ಮಡಿ ಹಿಡಿದು ಎತ್ತಿ, ಚಪ್ಪಲಿಯ ಸಮೇತ ತಮ್ಮ ಇಸ್ತ್ರಿ ಸೀರೆಯ ಮಡಿಲಿಗೆ ಎಳೆದುಕೊಂಡರು. ‘ಅಯ್ಯೋ ಅತ್ತೆ, ಕಾಲು!’ ಎಂದು ಅವಳು ಹೌಹಾರಿ ಕೊಸರಿಕೊಂಡರೂ ಬಿಡಲಿಲ್ಲ. ಬರಿಯ ಮೀನಖಂಡದ ಮೇಲೆ ಒರಟು ಅಂಗೈ ಒತ್ತಿಟ್ಟು, ಮುಖ ಆಚೆ ತಿರುಗಿಸಿ ಕಣ್ಣು ಮುಚ್ಚಿಕೊಂಡರು. ಈಗ ನಿಲ್ಲುತ್ತದೆ ಎಂದು ಅವಳು ಕಾದಳು. ಯಾವಾಗಲೂ ನಿಂತಂತೆ, ತನ್ನನ್ನು ಸುಳ್ಳುಗಾತಿ ಮಾಡಲೆಂದೇ, ಈಗ ನಿಲ್ಲುತ್ತದೆ. ಅತ್ತೆಯ ಹುಬ್ಬು ಮೇಲೇರಿತು.

‘ಹೌದು ಕಣೇ!’ ಕಾರಿಡಾರಿಗೆಲ್ಲ ಕೇಳುವ ಹಾಗೆ ಕೂಗಿದರು. ‘ಅದುರ್ತಾ ಇದೆ. ನನ್ನ ಕೈಗೇ ಸಿಗ್ತಾ ಇದೆ. ಮೀನು ಹೊಡ್ಕೊಂಡಂಗೆ ಹೊಡ್ಕೊಳ್ತಾ ಇದೆ!’

‘ಇದೆಯಾ ಅತ್ತೆ? ನಿಜವಾಗ್ಲೂ?’

‘ಇದೆ ಅಂದ್ನಲ್ಲ. ನಾನೇನು ಡಾಕ್ಟ್ರಾ, ಇಲ್ಲ ಅನ್ನೋಕೆ?’

ಅಷ್ಟು ತಿಂಗಳಲ್ಲಿ ಒಂದು ಹನಿಯೂ ಬಾರದಿದ್ದ ಅಳು ಅವಳಿಗೆ ಆಗ ಬಂತು. ನಾಚಿಕೆ ಬಿಟ್ಟು, ಮೂಗು ಸೋರುವ ಹಾಗೆ, ಹೆಗಲು ಕುಲುಕುವ ಹಾಗೆ ಅತ್ತಳು. ಹೋಗಿ ಬರುವವರು ನಿಂತು ನಿಂತು ನೋಡಿದರು. ಏನೋ ಕೆಟ್ಟ ಸುದ್ದಿ ಬಂದಿರಬೇಕೆಂದು ಒಬ್ಬಾಕೆ ಲೊಚಗುಟ್ಟಿಕೊಂಡು ಹೋದಳು.

‘ಕೈ ತೆಗೀರಿ ಅತ್ತೆ, ಎಲ್ರೂ ನೋಡ್ತಿದಾರೆ.’

‘ನೋಡ್ಲಿ. ಅದು ನಿಲ್ಲೋವರೆಗೂ ತೆಗೆಯಲ್ಲ.’

ಅದು ಬೇಗ ನಿಲ್ಲುವ ಹಾಗೆ ಕಾಣಲಿಲ್ಲ.